ಬಾಡಿ ಕಟ್ಟಿದವರ ಊರಿನಲ್ಲಿ

ನನ್ನ ದೊಡ್ಡಪ್ಪ ಶಿವಮೊಗ್ಗದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ ನಡೆಸುತ್ತಿದ್ದರು. ಕಂಪನಿಯಿಂದ ಬರುತ್ತಿದ್ದುದು ಬರೀ ಚಾಸಿ. ಎಂಜಿನ್, ಚಕ್ರ, ಸ್ಟೇರಿಂಗ್, ಕೂರಲು ಒಂದು ಸೀಟು, ಅಷ್ಟೇ. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು, ಧೂಳು ಕುಡಿಯುತ್ತಾ, ಅದನ್ನು ಹೈವೇಯಲ್ಲಿ ಓಡಿಸಿಕೊಂಡು ತರುತ್ತಿದ್ದ. ಕೆಲವು ವಾರ ಕಳೆದರೆ ಅದೇ ಚಾಸಿ ಬಣ್ಣ ಬಳಿಸಿಕೊಂಡು, ಹಣೆಯ ಮೇಲೆ ದೇವರ ಹೆಸರು ಬರೆಸಿಕೊಂಡು ಹೊರಡುತ್ತಿತ್ತು.

ನಾವು ಟುರಿನ್‌ಗೆ ಬಂದು ಮೂರು ವರ್ಷವಾಯಿತು. ಇಟಲಿಯ ಹಳೆಯ ಸ್ಪೋರ್ಟ್ಸ್ ಕಾರುಗಳ ಕಥೆ ನನಗೆ ತಟ್ಟನೆ ಅರ್ಥವಾಗಿದ್ದು ಆ ಶೆಡ್‌ನಿಂದಾಗಿ. ಫೆರಾರಿ ಅಂದರೆ ಇಡೀ ಕಾರನ್ನು ಫೆರಾರಿಯವರೇ ಮಾಡಿದ್ದು ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಆಗ ಹಾಗಿರಲಿಲ್ಲ. ಅವರು ಮಾಡುತ್ತಿದ್ದುದು ಎಂಜಿನ್ ಮತ್ತು ಚಾಸಿ. ಬಾಡಿ ಕಟ್ಟುವವರು ಬೇರೆಯೇ ಇದ್ದರು. ಅವರ ಕಾರ್ಖಾನೆಗೆ ಇಲ್ಲಿ ಕರೊಟ್ಸೆರಿಯ ಅನ್ನುತ್ತಾರೆ. ಕರೊಟ್ಸಾ ಅಂದರೆ ಸಾರೋಟು. ಕುದುರೆ ಸಾರೋಟು ಕಟ್ಟುತ್ತಿದ್ದ ಕಸುಬೇ ಕಾರಿಗೆ ಬಂದಿದ್ದು ಈ ಹೆಸರಿನಲ್ಲೇ ಉಳಿದಿದೆ.

ಟುರಿನ್ ಒಂದು ಕಾಲಕ್ಕೆ ಸವಾಯ್ ರಾಜಮನೆತನದ ಊರಾಗಿತ್ತು. ಸಾರೋಟು ಮಾಡುವವರಿಗೆ ಮೊದಲಿಂದಲೂ ಕೆಲಸವಿತ್ತು. 1899ರಲ್ಲಿ ಫಿಯೆಟ್, 1906ರಲ್ಲಿ ಲಾಂಚಿಯಾ ಕಾರು ಕಂಪನಿಗಳು ಇಲ್ಲೇ ಶುರುವಾದವು. 1912ರಲ್ಲಿ ಜೊವಾನಿ ಬೆರ್ತೋನೆ ಸಾರೋಟು ಕೆಲಸದ ಒಂದು ಸಣ್ಣ ಅಂಗಡಿ ತೆರೆದ. ಬತ್ತಿಸ್ತಾ ಫರೀನಾ 1930ರಲ್ಲಿ ತನ್ನದೇ ಕರೊಟ್ಸೆರಿಯ ತೆರೆದ. ಅವನನ್ನು ಎಲ್ಲರೂ ಪಿನಿನ್ ಅಂತ ಕರೆಯುತ್ತಿದ್ದರು. ಇಲ್ಲಿನ ಪಿಯೆಮೊಂತೆ ಮಾತಿನಲ್ಲಿ ಹಾಗಂದರೆ ಚಿಕ್ಕವನು, ನಮ್ಮಲ್ಲಿ ಪುಟ್ಟ ಅಂದ ಹಾಗೆ. 1961ರಲ್ಲಿ ದೇಶದ ಅಧ್ಯಕ್ಷರ ಆದೇಶದಿಂದ ಆ ಮನೆತನದ ಹೆಸರೇ ಪಿನಿನ್‌ಫರೀನಾ ಎಂದಾಯಿತು. ಮುದ್ದಿನ ಹೆಸರೊಂದು ಸರ್ಕಾರಿ ಕಾಗದಕ್ಕೆ ಏರಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ಈ ಪಿನಿನ್‌ನ ಒಂದು ಕಥೆ ಹೇಳಲೇಬೇಕು. 1946ರಲ್ಲಿ ಪ್ಯಾರಿಸ್‌ನಲ್ಲಿ ಮೋಟಾರು ಪ್ರದರ್ಶನ. ಯುದ್ಧ ಮುಗಿದು ಒಂದೇ ವರ್ಷವಾಗಿತ್ತು. ಇಟಲಿ ಶತ್ರು ದೇಶವಾಗಿದ್ದರಿಂದ ಇಟಲಿಯವರಿಗೆ ಒಳಗೆ ಜಾಗವಿಲ್ಲ. ಪಿನಿನ್ ಸುಮ್ನೆ ಕೂರಲಿಲ್ಲ. ತಾನು ಬಾಡಿ ಕಟ್ಟಿದ ಎರಡು ಕಾರು, ಒಂದು ಆಲ್ಫಾ ರೋಮಿಯೋ, ಒಂದು ಲಾಂಚಿಯಾ ಅಪ್ರಿಲಿಯಾ, ಇವನ್ನು ಮಗ ಸೆರ್ಜಿಯೋ ಜೊತೆ ರಸ್ತೆಯಲ್ಲೇ ಓಡಿಸಿಕೊಂಡು ಪ್ಯಾರಿಸ್‌ಗೆ ಹೋದ. ಪ್ರದರ್ಶನ ನಡೆಯುತ್ತಿದ್ದ ಗ್ರಾನ್ ಪಾಲೆಯ ಬಾಗಿಲ ಎದುರೇ ನಿಲ್ಲಿಸಿದ. ಒಳಗೆ ಹೊರಟವರು ಹೊರಗೇ ನಿಂತು ನೋಡತೊಡಗಿದರು. ಸೋತ ದೇಶದ ಒಬ್ಬ ಕುಶಲಕರ್ಮಿ ಯಾರ ಹತ್ತಿರವೂ ಕೈ ಚಾಚದೆ, ತನ್ನ ಕೆಲಸವನ್ನು ಬೀದಿಯಲ್ಲಿಟ್ಟು ಗೆದ್ದ.

ಮರುವರ್ಷ ಅವನ ಕಾರ್ಖಾನೆಯಿಂದ ಚಿಸಿತಾಲಿಯಾ ಕಂಪನಿಯ 202 ಕಾರು ಬಂತು. ಅದಕ್ಕಿಂತ ಹಿಂದಿನ ಎಷ್ಟೋ ಕಾರುಗಳಲ್ಲಿ ಬಾನೆಟ್ ಬೇರೆ, ಮಡ್‌ಗಾರ್ಡ್ ಬೇರೆ, ದೀಪ ಬೇರೆ, ಎಲ್ಲ ತಂದು ಅಂಟಿಸಿದ ಹಾಗೆ ಇರುತ್ತಿತ್ತು. ಇದರಲ್ಲಿ ಎಲ್ಲವೂ ಒಂದರೊಳಗೊಂದು ಹರಿದುಹೋಗಿದೆ. ಬಾನೆಟ್ ಮಡ್‌ಗಾರ್ಡ್‌ಗಳಿಗಿಂತ ತಗ್ಗಿನಲ್ಲಿದೆ. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ 1951ರಲ್ಲಿ ಕಾರುಗಳನ್ನು ಕಲಾಕೃತಿಗಳಂತೆ ಪ್ರದರ್ಶನಕ್ಕಿಟ್ಟಾಗ ಇದನ್ನೂ ಇಟ್ಟಿತು. 1972ರಲ್ಲಿ ತನ್ನ ಸಂಗ್ರಹಕ್ಕೇ ಸೇರಿಸಿಕೊಂಡಿತು. ಇಷ್ಟೊಂದು ಹೊಗಳಿಸಿಕೊಂಡ ಕಾರಿನ ಒಳಗೆ ಇದ್ದದ್ದು ಯಾವ ಎಂಜಿನ್ ಗೊತ್ತಾ? 1089 ಸಿಸಿಯ ಫಿಯೆಟ್ 1100 ಎಂಜಿನ್. ನಮ್ಮ ಪ್ರೀಮಿಯರ್ ಪದ್ಮಿನಿಯದ್ದೂ ಅಷ್ಟೇ ಸಿಸಿ, ಅದೇ ಮನೆತನ. ಇದನ್ನು ಓದಿದ ದಿನ ನಾನು ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರ ಪದ್ಮಿನಿ ಹೋಗಿ ಎಷ್ಟೋ ವರ್ಷವಾಯಿತು, ಆದರೂ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ.

ನಮ್ಮ ಕೆಳಗಿನ ಮನೆಯ ಅಜ್ಜ ಬತ್ತಿಲಾಸ್ತ್ರ ಆಗಿದ್ದವರು. ಅಂದರೆ ತಗಡು ಬಡಿಯುವವರು, ನಮ್ಮ ಟಿಂಕರ್ ಇದ್ದ ಹಾಗೆ. ಇಲ್ಲಿನ ಮೋಟಾರು ಮ್ಯೂಸಿಯಂಗೆ ನಮ್ಮನ್ನು ಕರೆದುಕೊಂಡು ಹೋಗಿದ್ದೇ ಅವರು. ಅಲ್ಲಿ ಎಲ್ಲರೂ ಎಂಜಿನ್ ನೋಡುತ್ತಿದ್ದರೆ ಇವರು ಬಗ್ಗಿ ಮಡ್‌ಗಾರ್ಡ್ ಅಂಚನ್ನೇ ನೋಡುತ್ತಿದ್ದರು. ಕೆಲಸ ಹೇಗೆ ನಡೆಯುತ್ತಿತ್ತು ಅಂತ ಕೈಸನ್ನೆಯಲ್ಲೇ ತೋರಿಸಿದರು. ಮೊದಲು ಅಲ್ಯೂಮಿನಿಯಂ ತಗಡನ್ನು ಮರಳು ತುಂಬಿದ ಚರ್ಮದ ಚೀಲದ ಮೇಲೋ, ಗುಳಿ ತೋಡಿದ ಮರದ ದಿಮ್ಮಿಯ ಮೇಲೋ ಇಟ್ಟು ಮರದ ಸುತ್ತಿಗೆಯಿಂದ ಬಡಿಯಬೇಕು. ತಗಡು ಬಟ್ಟಲಿನ ಹಾಗೆ ಉಬ್ಬುತ್ತದೆ. ಆಮೇಲೆ ಕೆಳಗೆ ಕಬ್ಬಿಣದ ಗಟ್ಟಿ ಹಿಡಿದು ಸಣ್ಣ ಏಟಿನಲ್ಲಿ ನುಣ್ಣಗೆ ಮಾಡಬೇಕು. ಬಡಿದಷ್ಟೂ ತಗಡು ಗಡಸಾಗುತ್ತದೆ, ಹಾಗೇ ಬಡಿಯುತ್ತಾ ಹೋದರೆ ಬಿರಿಯುತ್ತದೆ. ಅದಕ್ಕೆ ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಆದರೆ ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಕರಗಿಬಿಡುತ್ತದೆ. ಹಾಗಾಗಿ ಮೇಲೆ ಸೋಪು ಸವರುತ್ತಾರೆ. ಸೋಪು ಕಪ್ಪಾದರೆ ಕಾವು ಸಾಕು ಅಂತ ಅರ್ಥ.

ಹೀಗೆ ಮಾಡಿದ ಕಾರಿನ ಎಡ ಬಲ ಅಳೆದರೆ ಒಂದೇ ಸಮ ಇರುವುದಿಲ್ಲವಂತೆ. ಅಜ್ಜ ಇದನ್ನು ತಪ್ಪು ಅಂತ ಹೇಳಲಿಲ್ಲ. ಮನುಷ್ಯನ ಮುಖವೂ ಹಾಗೇ ಅಲ್ವಾ ಅಂದರು.

ಮಿಲಾನ್‌ನವರದು ಇನ್ನೊಂದು ದಾರಿ. ಅಲ್ಲಿನ ತೂರಿಂಗ್ ಕಂಪನಿ 1936ರಲ್ಲಿ ಸೂಪರ್‌ಲೆಜ್ಜೇರ ಎಂಬ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಹೆಸರಿನ ಅರ್ಥವೇ ಅತಿ ಹಗುರ. ಸಣ್ಣ ಉಕ್ಕಿನ ಕೊಳವೆಗಳ ಪಂಜರ, ಅದರ ಮೇಲೆ ಅಲ್ಯೂಮಿನಿಯಂ ತಗಡಿನ ಹೊದಿಕೆ. 1948ರಲ್ಲಿ ಟುರಿನ್ ಪ್ರದರ್ಶನಕ್ಕೆ ಅವರು ತಂದ ಫೆರಾರಿ 166ಕ್ಕೆ ಬಾರ್ಕೆತ್ತಾ, ಅಂದರೆ ಪುಟ್ಟ ದೋಣಿ, ಎಂಬ ಹೆಸರು ಬಿತ್ತು. ಮರುವರ್ಷ ಅಂಥದ್ದೇ ಒಂದು ದೋಣಿ ಫ್ರಾನ್ಸ್‌ನ ಲೆ ಮಾನ್ಸ್ ರೇಸ್ ಗೆದ್ದಿತು.

ಫೆರಾರಿ ಕಂಪನಿಯ ಒಡೆಯ ಎಂಜೊ ಫೆರಾರಿ ಮತ್ತು ಪಿನಿನ್ ಕೈಜೋಡಿಸಿದ್ದು 1951ರಲ್ಲಿ. ಇಬ್ಬರೂ ಸ್ವಾಭಿಮಾನಿಗಳು. ಅವನು ಇವನ ಊರಿಗೆ ಬರಲೊಲ್ಲ, ಇವನು ಅವನ ಊರಿಗೆ ಹೋಗಲೊಲ್ಲ. ಕೊನೆಗೆ ನಡುದಾರಿಯ ತೊರ್ತೋನಾ ಊರಿನ ಹೋಟೆಲೊಂದರಲ್ಲಿ ಕೂತು ಮಾತಾಡಿದರು. ಫೆರಾರಿಯ ಊರಾದ ಮೊಡೆನಾದಲ್ಲಿ ಸೆರ್ಜಿಯೋ ಸ್ಕಾಲಿಯೆತ್ತಿ ಎಂಬಾತನೂ ಫೆರಾರಿಗೆ ಬಾಡಿ ಕಟ್ಟುತ್ತಿದ್ದ. ಕಾಗದದ ನಕ್ಷೆಗಿಂತ ಕಣ್ಣಳತೆಯನ್ನೇ ಜಾಸ್ತಿ ನಂಬಿದವನು. ಅವನ ಶೆಡ್‌ನಲ್ಲಿ ಕಟ್ಟಿದ 250 ಜಿಟಿಒ ಕಾರೊಂದು 2018ರ ಹರಾಜಿನಲ್ಲಿ 4.84 ಕೋಟಿ ಡಾಲರ್‌ಗೆ ಹೋಯಿತು. ಅಷ್ಟು ಹಣದಲ್ಲಿ ಆ ಸುತ್ತಿಗೆ ಹಿಡಿದ ಕೈಗಳ ಪಾಲು ಎಷ್ಟು ಅಂತ ಯೋಚಿಸಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಾನೆಟ್ ಮೇಲಿನ ಫೆರಾರಿ ಗುರುತಿನ ಕುದುರೆ ಎಲ್ಲರಿಗೂ ಗೊತ್ತು. ಬಡಿದವರ ಹೆಸರು ಎಲ್ಲೂ ಇಲ್ಲ.

ಈ ಕಸುಬು ಕುಗ್ಗಿದ್ದಕ್ಕೆ ಕಾರಣ ಸರಳ. ಕಾರಿಗೆ ಬೇರೆ ಚಾಸಿಯೇ ಇಲ್ಲದಂತಾಯಿತು. ಬಾಡಿಯೇ ಭಾರ ಹೊರುವ ಹಾಗೆ ಕಂಪನಿಗಳೇ ತಗಡನ್ನು ಪ್ರೆಸ್ ಯಂತ್ರದಲ್ಲಿ ಒತ್ತತೊಡಗಿದವು. ತೂರಿಂಗ್ 1966ರಲ್ಲಿ ಬಾಗಿಲು ಮುಚ್ಚಿತು. ಬೆರ್ತೋನೆ 2014ರಲ್ಲಿ ದಿವಾಳಿಯಾಯಿತು. ಪಿನಿನ್‌ಫರೀನಾವನ್ನು ಕೊಳ್ಳಲು 2015ರಲ್ಲಿ ಒಪ್ಪಂದ ಮಾಡಿಕೊಂಡಿದ್ದು ನಮ್ಮ ಮಹೀಂದ್ರಾದವರು. ದೊಡ್ಡಪ್ಪನ ಶೆಡ್‌ಗೆ ಕೆಲಸ ಕಡಿಮೆಯಾಗಿದ್ದೂ ಲಾರಿಗಳು ಕಂಪನಿಯಿಂದಲೇ ಪೂರ್ತಿ ತಯಾರಾಗಿ ಬರತೊಡಗಿದ ಮೇಲೆ.

ಮೊನ್ನೆ ಅವರಿಗೆ ಫೋನಿನಲ್ಲಿ ಈ ಸೋಪಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪುಟ್ಟೀ, ಯಾವ ಸೋಪು? ಬಟ್ಟೆ ಸೋಪೋ, ಮೈ ಸೋಪೋ? ಆ ಅಜ್ಜನ್ನ ಸರಿಯಾಗಿ ಕೇಳಿ ಹೇಳು" ಅಂದರು. ನಾನು ಮೆಟ್ಟಿಲಿಳಿದು ಹೋಗಿ ಕೇಳಿದೆ. ಬಟ್ಟೆ ಸೋಪು.