ಗೇಮಿಂಗ್ ಲ್ಯಾಪ್‌ಟಾಪ್‌ಗೆ ಹೊಸ ಥರ್ಮಲ್ ಪೇಸ್ಟ್: ಡಿಗ್ರಿ ಅಷ್ಟೇನೂ ಇಳಿಯಲಿಲ್ಲ, ಆದರೂ ಕೆಲಸ ಆಯಿತು

ಬಿಚ್ಚುವ ಮುಂಚೆ

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಇಂಟೆಲ್ ಐ7-12700ಎಚ್ ಪ್ರೊಸೆಸರ್, ಜೊತೆಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಚಿಪ್. ಗೇಮ್ ಶುರುವಾದ ಸ್ವಲ್ಪ ಹೊತ್ತಿಗೆ ಫ್ಯಾನ್ ಕಿರುಚುತ್ತದೆ, ಕೀಬೋರ್ಡಿನ ಮೇಲ್ಭಾಗ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, ಆಮೇಲೆ ಫ್ರೇಮ್ ರೇಟ್ ದಢಕ್ಕನೆ ಬೀಳುತ್ತದೆ, ಏರುತ್ತದೆ, ಮತ್ತೆ ಬೀಳುತ್ತದೆ. ಈ ಪ್ರೊಸೆಸರ್‌ನ ಗರಿಷ್ಠ ಮಿತಿ 100 ಡಿಗ್ರಿ. ಅಲ್ಲಿಗೆ ಮುಟ್ಟಿದ ಕೂಡಲೇ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಸುಟ್ಟುಹೋಗುವ ಭಯವೇನೂ ಇಲ್ಲ, ಆದರೆ ದುಡ್ಡು ಕೊಟ್ಟಿದ್ದು ಆ ವೇಗಕ್ಕೇ ಅಲ್ವಾ.

ಬಿಚ್ಚುವ ಮುಂಚೆ ಅಳತೆ ಬರೆದಿಟ್ಟುಕೊಂಡೆ. ಬಿಸಿ, ವಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಅಂಕ ಹೇಳುವ ಸಿನೆಬೆಂಚ್ ಆರ್23 ಅನ್ನು ಅದರ 10 ನಿಮಿಷದ ಮೋಡ್‌ನಲ್ಲಿ ಓಡಿಸಿದೆ. ಕೋಣೆ 27 ಡಿಗ್ರಿ. ಪ್ರೊಸೆಸರ್ 100 ಡಿಗ್ರಿಗೆ ಏರಿ ಅಲ್ಲೇ ಕೂತಿತು, ವಿದ್ಯುತ್ ಬಳಕೆ 52 ವಾಟ್‌ನಲ್ಲಿ ನಿಂತಿತು. ತಯಾರಕರು ಇದಕ್ಕೆ ಇಟ್ಟಿರುವ ಮಿತಿ 85 ವಾಟ್. ಅಂದರೆ 33 ವಾಟ್‌ನಷ್ಟು ಕೆಲಸವನ್ನು ಬಿಸಿಯೇ ನುಂಗುತ್ತಿತ್ತು.

ಈ ವಾಟ್ ಲೆಕ್ಕ ಯಾಕೆ ಅಂದರೆ, ಪೇಸ್ಟ್ (ಚಿಪ್‌ಗೂ ಅದರ ಬಿಸಿ ಹೊರಹಾಕುವ ಲೋಹಕ್ಕೂ ನಡುವೆ ಹಚ್ಚುವ ಲೇಪ) ಬದಲಾಯಿಸಿದವರು ಸಾಮಾನ್ಯವಾಗಿ ಮೊದಲು ಇಷ್ಟು ಡಿಗ್ರಿ, ಈಗ ಇಷ್ಟು ಡಿಗ್ರಿ ಅಂತ ಮಾತ್ರ ಹೇಳುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಈಗಿನ ಪ್ರೊಸೆಸರ್‌ಗಳು ತಣ್ಣಗಾಗಲು ಜಾಗ ಸಿಕ್ಕಷ್ಟೂ ಜಾಸ್ತಿ ವಿದ್ಯುತ್ ಎಳೆದುಕೊಂಡು ಮತ್ತೆ ಮಿತಿಯ ಹತ್ತಿರವೇ ಹೋಗಿ ನಿಲ್ಲುತ್ತವೆ. ಹಾಗಾಗಿ ನಾನು ನೋಡಿದ್ದು ಒಂದು ವಾಟ್‌ಗೆ ಎಷ್ಟು ಡಿಗ್ರಿ ಏರುತ್ತದೆ ಅನ್ನುವುದನ್ನು. ಪ್ರೊಸೆಸರ್ ಬಿಸಿಯಲ್ಲಿ ಕೋಣೆಯ ಬಿಸಿ ಕಳೆದು ವಾಟ್‌ನಿಂದ ಭಾಗಿಸಬೇಕು, ಅಷ್ಟೇ. 73 ಭಾಗಿಸು 52, ಸುಮಾರು 1.4. ಈ ಸಂಖ್ಯೆ ಇಳಿದರೆ ರಿಪೇರಿ ಆಯಿತು ಅಂತ ಅರ್ಥ.

ಗ್ರಾಫಿಕ್ಸ್ ಚಿಪ್‌ಗೆ ಬೇರೆ ಅಳತೆ. ಗೇಮ್ ಓಡುವಾಗ ಅದರ ಸಾಮಾನ್ಯ ಬಿಸಿ 86, ಹಾಟ್‌ಸ್ಪಾಟ್, ಅಂದರೆ ಚಿಪ್‌ನ ಅತಿ ಬಿಸಿಯಾದ ಜಾಗ, 104. ನಡುವಿನ ಅಂತರ 18. ಅಂತರ ಇಷ್ಟಿದೆ ಅಂದರೆ ಚಿಪ್‌ನ ಎಲ್ಲಾ ಕಡೆ ಹೀಟ್‌ಸಿಂಕ್ (ಬಿಸಿ ಎಳೆದು ಹೊರಹಾಕುವ ಆ ಲೋಹದ ಭಾಗ) ಸರಿಯಾಗಿ ತಾಗುತ್ತಿಲ್ಲ ಅನ್ನುವ ಗುಮಾನಿ ಬರುತ್ತದೆ.

ಮೊದಲು ಧೂಳು ಮಾತ್ರ

ಧೂಳು ತೆಗೆದು, ಪೇಸ್ಟ್ ಹಚ್ಚಿ, ಎಲ್ಲಾ ಒಟ್ಟಿಗೆ ಮಾಡಿಬಿಟ್ಟರೆ ಲಾಭ ಯಾವುದರಿಂದ ಬಂತು ಅಂತ ಹೇಳಲಾಗುವುದಿಲ್ಲ. ಅದಕ್ಕೇ ಮೊದಲು ಕೆಳಗಿನ ಮುಚ್ಚಳ ಮಾತ್ರ ತೆಗೆದೆ. ಸ್ಕ್ರೂಗಳು ಎಲ್ಲವೂ ಒಂದೇ ಉದ್ದ ಇರುವುದಿಲ್ಲ, ಯಾವುದು ಎಲ್ಲಿಯದು ಅಂತ ಕಾಗದದ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು ಅಲ್ಲಲ್ಲೇ ಅಂಟಿಸಿಡಿ. ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಅದಾದ ಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಉಳಿದ ಚೂರುಪಾರು ವಿದ್ಯುತ್ತೂ ಹೋಗುತ್ತದೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಧೂಳು ಕಣ್ಣಿಗೆ ಕಾಣುವ ಕಡೆ ಇರುವುದಿಲ್ಲ. ಫ್ಯಾನ್ ಗಾಳಿ ತಳ್ಳುವ ಬಾಯಿಗೂ ತಾಮ್ರದ ಫಿನ್‌ಗಳಿಗೂ ನಡುವೆ ಕಂಬಳಿಯ ಹಾಗೆ ದಪ್ಪಗೆ ಕೂತಿರುತ್ತದೆ. ಹೊರಗಿನಿಂದ ಸುಮ್ನೆ ಗಾಳಿ ಊದಿದರೆ ಅದು ಹಿಂದಕ್ಕೆ ಫ್ಯಾನ್ ಒಳಗೆ ಹೋಗುತ್ತದೆ. ಫ್ಯಾನ್ ಮೇಲಿನ ತಗಡು ತೆಗೆದು, ಚಿಮಟದಲ್ಲಿ ಎಳೆದು, ಉಳಿದಿದ್ದನ್ನು ಮೆತ್ತನೆಯ ಬ್ರಷ್‌ನಲ್ಲಿ ತೆಗೆದೆ. ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಮಿತಿಮೀರಿ ತಿರುಗಿದರೆ ಬೇರಿಂಗ್‌ಗೆ ಒಳ್ಳೆಯದಲ್ಲ.

ಮುಚ್ಚಿ ಮತ್ತೆ ಅಳೆದೆ. 99 ಡಿಗ್ರಿಯಲ್ಲಿ 58 ವಾಟ್. ಸಂಖ್ಯೆ 1.4ರಿಂದ 1.24ಕ್ಕೆ ಇಳಿಯಿತು. ಡಿಗ್ರಿ ಮಾತ್ರ ನೋಡಿದ್ದರೆ ಧೂಳು ತೆಗೆದಿದ್ದು ದಂಡ ಅನಿಸುತ್ತಿತ್ತು.

ಹೀಟ್‌ಸಿಂಕ್ ಎತ್ತಿದ್ದು

ಇಲ್ಲಿ ಅವಸರ ಮಾಡಬಾರದು. ಲ್ಯಾಪ್‌ಟಾಪನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿಕೊಂಡರೆ ಹಳೆಯ ಪೇಸ್ಟ್ ಮೆತ್ತಗಾಗಿರುತ್ತದೆ. ಆಮೇಲೆ ಆಫ್ ಮಾಡಿ ಬಿಚ್ಚಬೇಕು. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3 ಅಂತ ಅಂಕಿ ಒತ್ತಿರುತ್ತಾರೆ. ಬಿಚ್ಚುವಾಗ ದೊಡ್ಡ ಅಂಕಿಯಿಂದ ಹಿಂದಕ್ಕೆ ಬರಬೇಕು. ಒಂದನ್ನು ಪೂರ್ತಿ ತೆಗೆದು ಇನ್ನೊಂದಕ್ಕೆ ಹೋಗಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲ ಮಾಡುತ್ತಾ ಬನ್ನಿ. ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಮೇಲೊಂದು ಲೋಹದ ಮುಚ್ಚಳ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದಿಲ್ಲ, ಸಿಲಿಕಾನ್ ಡೈ, ಅಂದರೆ ಚಿಪ್‌ನ ಒಳತಿರುಳು, ಬರಿಮೈಯಲ್ಲಿ ಕೂತಿದೆ, ಓರೆಯಾಗಿ ಭಾರ ಬಿದ್ದರೆ ಮೂಲೆ ಚಕ್ಕೆ ಏಳುತ್ತದೆ. ಕಿತ್ತು ಎಳೆಯುವ ಬದಲು ಎಡಕ್ಕೆ ಬಲಕ್ಕೆ ಲೇಸಾಗಿ ತಿರುಚಿದೆ, ತಾನಾಗಿಯೇ ಬಿಟ್ಟಿತು.

ಒಳಗಿನದನ್ನು ನೋಡಿದ ಮೇಲೆ 18 ಡಿಗ್ರಿ ಅಂತರದ ಗುಟ್ಟು ಗೊತ್ತಾಯಿತು. ಗ್ರಾಫಿಕ್ಸ್ ಡೈ ಮಧ್ಯದಲ್ಲಿ ಪೇಸ್ಟ್ ಹೆಚ್ಚುಕಡಿಮೆ ಇಲ್ಲ. ಎಲ್ಲಾ ಅಂಚಿಗೆ ಹೋಗಿ ಗೋಡೆ ಕಟ್ಟಿದೆ. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ಪ್ರತಿ ಸಲವೂ ಪೇಸ್ಟ್ ಚೂರುಚೂರೇ ಹೊರಗೆ ತಳ್ಳಲ್ಪಡುತ್ತದೆ. ಇದಕ್ಕೆ ಪಂಪ್‌ಔಟ್ ಅನ್ನುತ್ತಾರೆ. ನೀರು ನೀರಾದ ಪೇಸ್ಟ್ ಆದರೆ ಬೇಗ ಆಗುತ್ತದೆ. ಆ ಜಾಗ ತುಂಬುವುದು ಗಾಳಿ. ಗಾಳಿಯ ಉಷ್ಣ ವಾಹಕತೆ, ಅಂದರೆ ಬಿಸಿ ಸಾಗಿಸುವ ಸಾಮರ್ಥ್ಯ, 0.026, ಅದೇ ಅಳತೆಯಲ್ಲಿ ತಾಮ್ರದ್ದು ಸುಮಾರು 400. ಒಳ್ಳೆಯ ಪೇಸ್ಟ್ ಕೂಡ ತಾಮ್ರದ ಹತ್ತಿರ ಸುಳಿಯುವುದಿಲ್ಲ, ಅದರ ಕೆಲಸ ಗಾಳಿಯನ್ನು ಓಡಿಸುವುದು ಮಾತ್ರ. ಅದಕ್ಕೇ ಪದರ ತೆಳ್ಳಗಿದ್ದಷ್ಟೂ ಒಳ್ಳೆಯದು.

ಶುಚಿ ಮಾಡಲು 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ. ಪ್ಯಾಡ್‌ಗಳು, ಅಂದರೆ ಗ್ರಾಫಿಕ್ಸ್ ಮೆಮೊರಿ ಮತ್ತು ವೋಲ್ಟೇಜ್ ಭಾಗಗಳ ಮೇಲಿರುವ ಆ ಮೆತ್ತನೆಯ ತುಂಡುಗಳು, ಹರಿದಿರಲಿಲ್ಲ, ಹಾಗೇ ಬಿಟ್ಟೆ. ಪ್ಯಾಡ್ ಬದಲಾಯಿಸುವುದಾದರೆ ದಪ್ಪ ಸರಿಯಾಗಿ ಅಳೆದೇ ತರಬೇಕು. 1 ಮಿಲಿಮೀಟರ್ ಬೇಕಾದ ಕಡೆ 1.5 ಹಾಕಿದರೆ ಹೀಟ್‌ಸಿಂಕ್ ಅಲ್ಲೇ ಎತ್ತಿಕೊಂಡು ನಿಲ್ಲುತ್ತದೆ, ಡೈಗೆ ತಾಗುವುದೇ ಇಲ್ಲ. ಆಮೇಲೆ ಎಷ್ಟು ಒಳ್ಳೆಯ ಪೇಸ್ಟ್ ಹಚ್ಚಿದರೂ ವ್ಯರ್ಥ.

ಲಿಕ್ವಿಡ್ ಮೆಟಲ್ ಯಾಕೆ ಬೇಡ ಅಂತ ಕೇಳುವವರಿಗೆ: ಅದು ಗ್ಯಾಲಿಯಂ ಮಿಶ್ರಣ, ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಡೈ ಸುತ್ತ ಪುಟ್ಟ ಕೆಪ್ಯಾಸಿಟರ್‌ಗಳಿವೆ, ಬ್ಯಾಗ್‌ನಲ್ಲಿ ಅಲುಗಾಡುವ ಯಂತ್ರದಲ್ಲಿ ಒಂದು ಹನಿ ಜಾರಿದರೂ ಮುಗಿಯಿತು. ನನಗೆ ಆ ಧೈರ್ಯ ಇಲ್ಲ, ಬೇಕೂ ಇಲ್ಲ.

ಗಟ್ಟಿಯಾದ, ಹರಡಲು ಒದ್ದಾಡಿಸುವ ಪೇಸ್ಟನ್ನೇ ಆರಿಸಿಕೊಂಡೆ. ಮಧ್ಯದಲ್ಲಿ ಒಂದು ಚುಕ್ಕಿ ಇಟ್ಟು ಒತ್ತುವ ಪದ್ಧತಿ ಡೆಸ್ಕ್‌ಟಾಪ್‌ಗೆ ನಡೆಯುತ್ತದೆ. ಇಲ್ಲಿ ಡೈನ ಮೂಲೆ ಬರಿದಾದರೂ ಅಲ್ಲೇ ಹಾಟ್‌ಸ್ಪಾಟ್ ಏಳುತ್ತದೆ, ಹಾಗಾಗಿ ಪ್ಲಾಸ್ಟಿಕ್ ಚಮಚದಂಥದ್ದರಿಂದ ಅಂಚಿನವರೆಗೂ ಹರಡಿದೆ. ಹೀಟ್‌ಸಿಂಕ್ ನೇರವಾಗಿ ಇಳಿಸಿ, 1ರಿಂದ ಕ್ರಮವಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆ. ಸ್ಕ್ರೂ ತಾನಾಗಿ ನಿಂತ ಮೇಲೆ ಇನ್ನೂ ತಿರುಗಿಸಬೇಡಿ. ಒತ್ತಡ ಕೊಡುವುದು ಸ್ಪ್ರಿಂಗ್, ನಿಮ್ಮ ಕೈಯಲ್ಲ.

ಫಲಿತಾಂಶ

ಅದೇ ಕೋಣೆ, ಅದೇ 27 ಡಿಗ್ರಿ, ಅದೇ ಪರೀಕ್ಷೆ. ಪ್ರೊಸೆಸರ್ 96 ಡಿಗ್ರಿ! ಇಷ್ಟೆಲ್ಲಾ ಮಾಡಿ ಬರೀ 4 ಡಿಗ್ರಿನಾ ಅಂತ ಪಕ್ಕದಲ್ಲಿ ನೋಡುತ್ತಿದ್ದವನು ನಕ್ಕ. ಆದರೆ ವಾಟ್ 80. ಸಂಖ್ಯೆ 0.86ಕ್ಕೆ ಬಂದಿತ್ತು. ಸಿನೆಬೆಂಚ್ ಅಂಕ 13 ಸಾವಿರದ ಆಸುಪಾಸಿನಿಂದ 16 ಸಾವಿರ ದಾಟಿತು. ಗ್ರಾಫಿಕ್ಸ್ 76, ಹಾಟ್‌ಸ್ಪಾಟ್ 87, ಅಂತರ 11.

ಈಗ ಸದ್ದಿನ ವಿಷಯ. 96 ಡಿಗ್ರಿಯಲ್ಲಿ ಫ್ಯಾನ್ ಮೊದಲಿನಷ್ಟೇ ಕಿರುಚುತ್ತದೆ, ಯಾಕೆಂದರೆ ಅದಕ್ಕೆ ಕಾಣುವುದು ಡಿಗ್ರಿ ಮಾತ್ರ. ಥ್ರಾಟಲ್‌ಸ್ಟಾಪ್ ಅನ್ನುವ ತಂತ್ರಾಂಶದಲ್ಲಿ ದೀರ್ಘಾವಧಿಯ ವಿದ್ಯುತ್ ಮಿತಿಯನ್ನು 65 ವಾಟ್‌ಗೆ ಇಳಿಸಿದೆ. 0.86ನ್ನು 65ರಿಂದ ಗುಣಿಸಿ 27 ಕೂಡಿಸಿದರೆ 83 ಬರಬೇಕು, ಬಂದಿದ್ದು 82. ಅಂಕದಲ್ಲಿ ಕಳೆದುಕೊಂಡಿದ್ದು ಅತ್ಯಲ್ಪ, ಗೇಮ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಫ್ರೇಮ್ ರೇಟ್ ದಢಕ್ಕನೆ ಬೀಳುವುದು ನಿಂತಿದೆ, ಫ್ಯಾನ್ ಸದ್ದು ಹೆಡ್‌ಫೋನ್ ಇಲ್ಲದೆಯೂ ಸಹಿಸುವಷ್ಟಾಗಿದೆ. ವೋಲ್ಟೇಜ್ ಇಳಿಸೋಣ ಅಂದರೆ ನನ್ನ ಬಯೋಸ್ ಬಿಡುವುದಿಲ್ಲ. 2019ರ ಪ್ಲಂಡರ್‌ವೋಲ್ಟ್ ಭದ್ರತಾ ದೋಷದ ನಂತರ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ಆ ಬಾಗಿಲು ಮುಚ್ಚಿದ್ದಾರೆ.

ಕೆಲವು ವಾರಗಳ ಮೇಲೆ

65 ವಾಟ್‌ನ ಮಿತಿ ತೆಗೆದು ಮತ್ತೆ ಅಳೆದೆ. ಕೋಣೆ 24, ಪ್ರೊಸೆಸರ್ 94, 80 ವಾಟ್. ಸಂಖ್ಯೆ ಸುಮಾರು 0.88. ಹಾಟ್‌ಸ್ಪಾಟ್ ಅಂತರ 11ರಲ್ಲೇ ಇದೆ. ಪಂಪ್‌ಔಟ್ ಶುರುವಾದರೆ ಮೊದಲು ಅಲ್ಲೇ ಗೊತ್ತಾಗುತ್ತದೆ, ಹಾಗಾಗಿ ಆಗಾಗ ಕಣ್ಣಿಡುತ್ತೇನೆ. ಅಂತರ 15 ದಾಟಿದರೆ ಮುಂದಿನ ಸಲ ಪೇಸ್ಟ್ ಬೇಡ, ಹನಿವೆಲ್‌ನ ಪಿಟಿಎಂ 7950 ಹಾಳೆ ಹಾಕುವ ಯೋಚನೆ ಇದೆ. ಅದು ಕೋಣೆಯ ಬಿಸಿಯಲ್ಲಿ ಗಟ್ಟಿ, ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಹರಡುತ್ತದೆ, ಬರಿ ಡೈ ಮೇಲೆ ಪೇಸ್ಟ್‌ಗಿಂತ ಜಾಸ್ತಿ ಕಾಲ ನಿಲ್ಲುತ್ತದೆ. ಪ್ಯಾಡ್‌ಗಳನ್ನೂ ಆಗಲೇ ಬದಲಾಯಿಸುತ್ತೇನೆ.