ಎದೆ ಒತ್ತುವ ಮುಂಚೆ ಆಡಬೇಕಾದ ಮಾತು

ಮಡಿಕೇರಿಯ ಆಸ್ಪತ್ರೆಯಲ್ಲಿ ತೊಂಬತ್ತು ದಾಟಿದ ಅಜ್ಜನ ಮಂಚದ ಪಕ್ಕ ನಿಂತವರಿಗೆ ಪರಿಸ್ಥಿತಿ ಗೊತ್ತಿರುತ್ತದೆ. ‘ಏನಾದ್ರೂ ಮಾಡ್ಸಿ, ಮೈಸೂರಿಗೆ ಕರ್ಕೊಂಡ್ ಹೋಗಿ’ ಅಂತ ವಾಟ್ಸ್ಯಾಪಿನಲ್ಲಿ ಹಟ ಹಿಡಿಯುವವರು ಹೊರದೇಶದಲ್ಲಿ ಕೂತ ನಾವು. ಆ ‘ಏನಾದ್ರೂ’ ಅಂದರೆ ಏನು ಅನ್ನುವುದನ್ನು ಇಂಗ್ಲೆಂಡಿನ ವಾರ್ಡುಗಳಲ್ಲಿ ನಡೆಯುವ ಹಾಗೇ ಹೇಳುತ್ತೇವೆ.

ಹೃದಯ ನಿಂತಿತೆಂದರೆ ನರ್ಸ್ ಆಸ್ಪತ್ರೆಯೊಳಗಿನ ತುರ್ತು ನಂಬರ್ 2222ಕ್ಕೆ ಫೋನ್ ಮಾಡುತ್ತಾರೆ. ತಂಡ ಓಡಿ ಬರುವಷ್ಟರಲ್ಲಿ ಎದೆ ಒತ್ತುವುದು ಶುರುವಾಗಿರಬೇಕು. ಗಾಳಿ ಹಾಸಿಗೆಯಾದರೆ ಅದರ ಗಾಳಿ ಬಿಡಬೇಕು, ಇಲ್ಲವಾದರೆ ಒತ್ತಿದ ಬಲದಲ್ಲಿ ಒಂದಷ್ಟು ಹಾಸಿಗೆಗೇ ಹೋಗುತ್ತದೆ. ಎದೆಯ ನಡುವೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. 30 ಸಲ ಒತ್ತಿ 2 ಉಸಿರು. ಎರಡೇ ನಿಮಿಷಕ್ಕೆ ಗಟ್ಟಿ ಆಳಿನ ರಟ್ಟೆಯೂ ಸೋಲುತ್ತದೆ, ಆಳ ಕಮ್ಮಿಯಾಗುತ್ತದೆ, ಅದಕ್ಕೇ ಕೈ ಬದಲಿಸುತ್ತಾರೆ. ಮೂಳೆ ಸವೆದ ವಯಸ್ಸಾದವರಲ್ಲಿ ಪಕ್ಕೆಲುಬು ಲಟಕ್ಕೆನ್ನುವುದು ಒತ್ತುವವರ ಅಂಗೈಗೇ ಗೊತ್ತಾಗುತ್ತದೆ. ಸರಿಯಾಗಿ ಒತ್ತಿದರೂ ಮುರಿಯುತ್ತದೆ.

ಸಿನಿಮಾದಲ್ಲಿ ಮಾನಿಟರಿನ ಗೆರೆ ನೆಟ್ಟಗಾದ ಕೂಡಲೇ ಶಾಕ್ ಕೊಡುತ್ತಾರೆ. ನೆಟ್ಟಗಿನ ಗೆರೆಗೆ ಶಾಕ್ ಇಲ್ಲವೇ ಇಲ್ಲ. ಹೃದಯ ಲಯ ತಪ್ಪಿ ಅದುರುತ್ತಿದ್ದರೆ, ಆ ಅದುರಾಟ ನಿಲ್ಲಿಸಲು ಮಾತ್ರ. ಉಳಿದವರಿಗೆ ಅಡ್ರಿನಲಿನ್ 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ. ಜೊತೆಗೇ ಕಾರಣ ಹುಡುಕುತ್ತಾರೆ: ರಕ್ತ ಹೋಯಿತೆ, ಪೊಟ್ಯಾಸಿಯಂ ಏರಿತೆ, ಶ್ವಾಸಕೋಶದಲ್ಲಿ ಹೆಪ್ಪು ಕೂತಿತೆ? ಐವತ್ತರ ವಯಸ್ಸಿನ ಹಾರ್ಟ್ ಅಟ್ಯಾಕಿಗೆ ಇದೆಲ್ಲ ಮಾಡಲೇಬೇಕು. ಇಂಗ್ಲೆಂಡಿನಲ್ಲಿ ಆಸ್ಪತ್ರೆಯೊಳಗೆ ಹೃದಯ ನಿಂತವರಲ್ಲಿ ಸುಮಾರು ಐವರಿಗೊಬ್ಬರು ಬದುಕಿ ಡಿಸ್ಚಾರ್ಜ್ ಆಗುತ್ತಾರೆ. ಕ್ಯಾನ್ಸರ್ ಎಲ್ಲೆಡೆ ಹರಡಿ, ಕಿಡ್ನಿ, ಶ್ವಾಸಕೋಶ ಒಂದೊಂದಾಗಿ ಕೈಕೊಟ್ಟು ಕೊನೆಗೆ ಹೃದಯ ನಿಂತವರಲ್ಲಿ ಸರಿಪಡಿಸಲು ಕಾರಣವೇ ಉಳಿದಿರುವುದಿಲ್ಲ.

ಅಂಥವರಿಗೆ ಡಿಎನ್‌ಎಸಿಪಿಆರ್ ಎಂಬ ಹಾಳೆ ಬರೆಯುತ್ತಾರೆ. ಹೃದಯ ನಿಂತರೆ ಎದೆ ಒತ್ತಬೇಡಿ, ಅದರ ಅರ್ಥ ಅಷ್ಟೇ. ಆಂಟಿಬಯೋಟಿಕ್, ಡ್ರಿಪ್, ಆಕ್ಸಿಜನ್ ನಡೆಯುತ್ತಲೇ ಇರಬಹುದು. ‘ಡಾಕ್ಟರು ಕೈಬಿಟ್ಟರು’ ಎಂದು ಮನೆಯವರು ಓದಿಕೊಳ್ಳುತ್ತಾರೆ. (ಸಿಬ್ಬಂದಿಯಲ್ಲೂ ಹಾಗೆ ಓದಿಕೊಳ್ಳುವವರಿದ್ದಾರೆ, ಅದು ಇನ್ನೂ ಅಪಾಯ.) ತೀರ್ಮಾನ ವೈದ್ಯರದ್ದು, ಮನೆಯವರ ಸಹಿ ಬೇಕಿಲ್ಲ. ಆದರೆ 2014ರಲ್ಲಿ ಇಂಗ್ಲೆಂಡಿನ ಕೋರ್ಟ್ ಟ್ರೇಸಿ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಮೇಲೆ, ತೀರಾ ಅಪರೂಪದ ಸಂದರ್ಭ ಬಿಟ್ಟರೆ, ರೋಗಿಯ ಜೊತೆ ಮಾತಾಡದೆ ಬರೆಯುವ ಹಾಗಿಲ್ಲ. ಎಡವಟ್ಟಾಗುವುದು ಹಾಳೆ ಆಸ್ಪತ್ರೆಯ ಫೈಲಿನಲ್ಲೇ ಉಳಿದಾಗ: ನಡುರಾತ್ರಿ ಮನೆಗೆ ಬಂದ ಆಂಬುಲೆನ್ಸಿನವರು ಒತ್ತಲು ಶುರುಮಾಡುತ್ತಾರೆ. ಮೂಲ ಪ್ರತಿ ರೋಗಿಯ ಜೊತೆಗೇ ಇರಬೇಕು.

ಎದೆ ಒತ್ತದಿದ್ದರೆ ಸುಮ್ಮನೆ ನೋಡುತ್ತ ನಿಲ್ಲುವುದಿಲ್ಲ. ಅಂಗೈಯಗಲದ ಪಂಪಿನಿಂದ ನೋವಿಗೆ ಮಾರ್ಫಿನ್, ತಳಮಳಕ್ಕೆ ಮಿಡಝೋಲಾಂ 24 ಗಂಟೆಯುದ್ದಕ್ಕೂ ಚರ್ಮದಡಿಗೆ ಹೋಗುತ್ತದೆ. ಗಂಟಲಿನ ಗೊರಗೊರಕ್ಕೆ ಬೇರೆ ಇಂಜೆಕ್ಷನ್. ಒಣಗಿದ ತುಟಿಗೆ ಒದ್ದೆ ಸ್ಪಂಜು. ಮನೆಯವರು ಪಕ್ಕದಲ್ಲೇ ಕೂತು ಬಾಯಿಗೆ ಎರಡು ಹನಿ ನೀರು ಬಿಡಬಹುದು. ಎದೆ ಒತ್ತುವಾಗ ಅವರು ಸಾಮಾನ್ಯವಾಗಿ ಪರದೆಯಾಚೆ ಇರುತ್ತಾರೆ.

ನಮ್ಮ ಭಾರತದಲ್ಲೂ ದಾರಿ ಇದೆ. ಎದೆ ಒತ್ತದಿರುವ ತೀರ್ಮಾನಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮುಂಚೆಯೇ ಇಚ್ಛಾಪತ್ರ ಬರೆದಿಡಲು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿತು. 2023ರಿಂದ ಮ್ಯಾಜಿಸ್ಟ್ರೇಟರ ಬಳಿ ಅಲೆಯಬೇಕಿಲ್ಲ. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ವೆಂಟಿಲೇಟರ್‌ನಂಥದ್ದನ್ನು ತೆಗೆಯಬೇಕಾದರೆ ಮೂವರು ವೈದ್ಯರ ಮಂಡಳಿ ಹೇಳಬೇಕು, ಇನ್ನೊಂದು ಮೂವರ ಮಂಡಳಿ ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದಕ್ಕೆ ಆದೇಶ ಹೊರಡಿಸಿದೆ.

ಪತ್ರದಲ್ಲಿ ನಿಮ್ಮ ಪರವಾಗಿ ಹೇಳುವವರ ಹೆಸರು ಒಂದಕ್ಕಿಂತ ಹೆಚ್ಚು ಬರೆಯಬಹುದು. ಲಂಡನ್ನಿನ ಮಗನ ಹೆಸರೂ ಇರಲಿ. ಮೊದಲ ಹೆಸರು ಮಾತ್ರ ವಿರಾಜಪೇಟೆಯಲ್ಲಿರುವ ಮಗಳದ್ದಾಗಿರಲಿ. ಜುಲೈ ಮಳೆಗೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಹೋದ ರಾತ್ರಿ ನಮ್ಮ ಫೋನ್ ಹತ್ತುವುದಿಲ್ಲ.