ಅಷ್ಟು ದೂರ ನಡೆದು ಹೋಗಿ ನೋಡಿದ ಮತ್ಸ್ಯಕನ್ಯೆ

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ನನಗೆ ಸಿಕ್ಕಿದ್ದು ಒಂದೇ ದಿನ. ಅದರಲ್ಲಿ ಇಡೀ ಬೆಳಗನ್ನು ಪುಟ್ಟ ಮತ್ಸ್ಯಕನ್ಯೆಯ ಮೂರ್ತಿಗೆ ಅಂತಲೇ ಎತ್ತಿಟ್ಟಿದ್ದೆ. ಡೆನ್ಮಾರ್ಕಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಬರೆದ ಅವಳ ಕಥೆ ಓದಿ ಚಿಕ್ಕವಳಿದ್ದಾಗ ಅತ್ತವಳು ನಾನು. ಎರಡು ಕಾಲು ಸಿಗಲಿ ಅಂತ ತನ್ನ ದನಿಯನ್ನೇ ಕೊಟ್ಟುಬಿಟ್ಟ ಹುಡುಗಿ, ಹೆಜ್ಜೆ ಹೆಜ್ಜೆಗೂ ಚಾಕುವಿನ ಮೇಲೆ ನಡೆದಂಥ ನೋವು, ಇಷ್ಟೆಲ್ಲಾ ಆದಮೇಲೂ ರಾಜಕುಮಾರ ಮದುವೆಯಾಗುವುದು ಬೇರೆಯವಳನ್ನು. ಅವಳನ್ನು ನೋಡೋಕೆ ಹೋಗ್ತಿದ್ದೀನಿ ಅನ್ನೋ ಖುಷಿಯಲ್ಲೇ ಹಳೇ ಬಂದರಿನ ಬೀದಿಯಾದ ನ್ಯೂಹಾವ್ನ್‌ನಿಂದ ನೀರಿನ ಪಕ್ಕದ ದಾರಿ ಹಿಡಿದೆ. ಗಾಳಿ ರಪ್ಪಂತ ಮುಖಕ್ಕೆ ಹೊಡೆಯುತ್ತಿತ್ತು.

ಮೂರ್ತಿ ಇರುವ ಲಾಂಗೆಲಿನಿ ದಡ ತಲುಪಿದಾಗ ಮೊದಲು ಕಂಡದ್ದು ಜನರ ಬೆನ್ನು. ಸಾಲಾಗಿ ನಿಂತ ಬಸ್ಸುಗಳು. ಸಂದಿಯಲ್ಲಿ ನುಸುಳಿ ಮುಂದೆ ಹೋದೆ. ದಡದ ಬಂಡೆಯ ಮೇಲೆ ಒಬ್ಬಳು ಕಂಚಿನ ಹುಡುಗಿ. ಎತ್ತರ 1.25 ಮೀಟರ್, ಅಷ್ಟೇ. ಅವಳ ಹಿಂದೆ, ನೀರಿನ ಆಚೆ, ಹಳೇ ಹಡಗುಕಟ್ಟೆಯ ಶೆಡ್ಡುಗಳು, ಚಿಮಣಿ. ನನ್ನ ಮನಸ್ಸಿನಲ್ಲಿದ್ದ ಸಮುದ್ರ ಎಲ್ಲೂ ಇರಲಿಲ್ಲ. ನಿಜ ಹೇಳಬೇಕಂದ್ರೆ ಅಳು ಬರೋ ಹಾಗಾಯ್ತು.

ಆ ಪ್ರವಾಸದಲ್ಲಿ ಇದೇ ಮೊದಲಲ್ಲ. ಬ್ರಸೆಲ್ಸ್‌ನ ಮೂಲೆಯೊಂದರಲ್ಲಿ ಉಚ್ಚೆ ಹೊಯ್ಯುವ ಆ ಪುಟ್ಟ ಹುಡುಗನ ಮೂರ್ತಿ ಎರಡಡಿಯೂ ಇಲ್ಲ. ಪ್ಯಾರಿಸ್‌ನಲ್ಲಿ ಮೊನಾಲಿಸಾ, 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ, ಅದೂ ಎತ್ತಿ ಹಿಡಿದ ಫೋನುಗಳ ನಡುವೆ. ಎದುರು ಗೋಡೆಯಲ್ಲೇ ವೆರೊನೀಸೆ ಬರೆದ ಮದುವೆ ಊಟದ ಚಿತ್ರವಿದೆ, ಹತ್ತಿರ ಹತ್ತಿರ ಹತ್ತು ಮೀಟರ್ ಅಗಲ. ಅಷ್ಟು ಜನರೂ ಅದಕ್ಕೆ ಬೆನ್ನು ತಿರುಗಿಸಿ ನಿಂತಿದ್ದರು. ಅದು ನನಗೆ ಈಗಲೂ ಸಂಕಟ.

ಬಂದಿದ್ದಾಗಿದೆ, ಸ್ವಲ್ಪ ಕೂರೋಣ ಅಂತ ಬೆಂಚಿನ ಮೇಲೆ ಕೂತೆ. ಒಂದೊಂದೇ ಬಸ್ಸು ಹೊರಟಿತು. ಜನ ಕಡಿಮೆಯಾದ ಮೇಲೆ ಎದ್ದು ಹತ್ತಿರ ಹೋದೆ. ಆಗ ಕಾಲು ನೋಡಿದೆ. ಎರಡೂ ಕಾಲು ಬೇರೆ ಬೇರೆಯಾಗಿಯೇ ಇವೆ, ತುದಿಗೆ ಬರುತ್ತಾ ಮಾತ್ರ ಈಜುರೆಕ್ಕೆ. ಅತ್ತ ಮೀನೂ ಅಲ್ಲ, ಇತ್ತ ಮನುಷ್ಯಳೂ ಅಲ್ಲ, ನಡುವೆ ಸಿಕ್ಕಿಕೊಂಡಿದ್ದಾಳೆ. ಎಡ್ವರ್ಡ್ ಎರಿಕ್ಸನ್ ಮಾಡಿದ ಮೂರ್ತಿ, 1913ರಿಂದ ಇಲ್ಲೇ ಕೂತಿದೆ. ಮುಖ ಒಬ್ಬ ಬ್ಯಾಲೆ ನರ್ತಕಿಯದು. ಆಕೆ ಬಟ್ಟೆಯಿಲ್ಲದೆ ಕೂರೋಕೆ ಒಪ್ಪಲಿಲ್ಲ, ಹಾಗಾಗಿ ಮೈಗೆ ಶಿಲ್ಪಿಯ ಹೆಂಡತಿ ಎಲೀನೆಯೇ ಮಾದರಿಯಾದಳು. 1964ರಲ್ಲಿ ಯಾರೋ ಇವಳ ತಲೆ ಕತ್ತರಿಸಿ ಒಯ್ದರು. 1998ರಲ್ಲಿ ಮತ್ತೆ. 2003ರಲ್ಲಿ ಸ್ಫೋಟಕ ಇಟ್ಟು ಬಂಡೆಯಿಂದಲೇ ನೀರಿಗೆ ಉರುಳಿಸಿದರು. ಆ ಕುತ್ತಿಗೆಯನ್ನೇ ನೋಡುತ್ತಾ ತುಂಬಾ ಹೊತ್ತು ನಿಂತೆ. ಯಾರಿಗೆ ಏನು ಮಾಡಿದ್ದಳು ಇವಳು?

ಆಮೇಲೆ ಹೊಳೆಯಿತು, ಕೂತ ಹುಡುಗಿಯೊಬ್ಬಳು ಇರುವುದೇ ಹೆಚ್ಚುಕಡಿಮೆ ಅಷ್ಟು ಎತ್ತರ ಅಲ್ವಾ? ಶಿಲ್ಪಿ ಅವಳನ್ನು ಚಿಕ್ಕದಾಗಿ ಮಾಡಿರಲಿಲ್ಲ. ನೋಡಿದ ಫೋಟೋಗಳೆಲ್ಲಾ ಕೆಳಗಿನಿಂದ, ಹತ್ತಿರದಿಂದ ತೆಗೆದವು. ಅವುಗಳಲ್ಲಿ ಅವಳು ಆಕಾಶದಷ್ಟು ಎತ್ತರ. ಅವಳ ಬಗ್ಗೆ ಇದ್ದ ಬೇಜಾರು ಅಲ್ಲೇ ಹೋಯಿತು. ಆ ಜಾಗದ ಬಗ್ಗೆ ಇದ್ದದ್ದು ಮಾತ್ರ ಹೋಗಲಿಲ್ಲ, ಇದನ್ನು ಮುಚ್ಚಿಡಲ್ಲ.

ರಾತ್ರಿ ರೂಮಿನಲ್ಲಿ ಫೋನು ತೆಗೆದು ನೋಡಿದರೆ, ನಾನು ತೆಗೆದ ಹನ್ನೊಂದು ಫೋಟೋಗಳಲ್ಲಿ ಹತ್ತರಲ್ಲಿ ಚಿಮಣಿಯೂ ಇಲ್ಲ, ಜನರೂ ಇಲ್ಲ. ಗೊತ್ತಿಲ್ಲದೆ ಬಗ್ಗಿ, ಕೆಳಗಿನಿಂದಲೇ ತೆಗೆದಿದ್ದೆ. ಅಕ್ಕನಿಗೆ ಒಂದು ಆಗಲೇ ಕಳಿಸಿಯೂ ಆಗಿತ್ತು. "ಎಷ್ಟು ದೊಡ್ಡದಿದೆಯೇ!" ಅಂತ ಬರೆದಿದ್ದಳು. ಹನ್ನೊಂದನೆಯದನ್ನು ಹುಡುಕಿ, ಬೆನ್ನುಗಳು, ಬಸ್ಸು, ಶೆಡ್ಡು ಎಲ್ಲಾ ಇರುವ ಅದನ್ನೂ ಕಳಿಸಿದೆ.